ಅನ್ನದ ಋಣ ತೀರುವ ಹೊತ್ತು

ನಾನು ನರ್ಸ್. ಹಾಸನ ಸೀಮೆಯಲ್ಲಿ ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋಡಿಕೊಳ್ಳುವ ತಂಡದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ನೋವಿಗೆ ಮಾರ್ಫಿನ್ ಕೊಡುವುದು, ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು ನನ್ನ ದಿನದ ಕೆಲಸ. ಆದರೆ ಮನೆಯವರು ನನ್ನನ್ನು ಜಗಲಿಯಲ್ಲೇ ತಡೆದು ಪಿಸುಮಾತಿನಲ್ಲಿ ಹೇಳುವ ಮೊದಲ ಮಾತು ಯಾವಾಗಲೂ ಊಟದ್ದೇ. 'ಸಿಸ್ಟರ್, ಮೂರು ದಿನ ಆಯ್ತು, ಒಂದು ತುತ್ತೂ ಇಳೀತಿಲ್ಲ.' ಅನ್ನ ನೀರು ಬಿಟ್ಟಿದ್ದಾರೆ ಎಂದರೆ ಏನರ್ಥವೆಂದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಚಮಚ ಹಿಡಿದ ಕೈ ಕೆಳಗಿಳಿಯುವುದಿಲ್ಲ. ಈ ಹದಿನೆಂಟು ವರ್ಷದಲ್ಲಿ ನಾನು ಕಲಿತದ್ದೆಲ್ಲ ಆ ಕೈಯ ಸುತ್ತಲೇ ಇದೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಬಾಯಿಗೆ ಟಾರ್ಚ್ ಬಿಡಿ

ಧರ್ಮ, ನೀತಿ, ಕಾನೂನು ಎಲ್ಲವೂ ಆಮೇಲೆ. ತಿನ್ನುತ್ತಿಲ್ಲ ಎಂದ ಕೂಡಲೇ ಕೊನೆಗಾಲ ಬಂತು ಎಂದುಕೊಳ್ಳುವುದು ಬಲವಂತವಾಗಿ ತಿನ್ನಿಸುವುದರಷ್ಟೇ ದೊಡ್ಡ ತಪ್ಪು. ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟಿದೆಯೇ? ಹಲ್ಲಿನ ಸೆಟ್ಟು ಸಡಿಲವಾಗಿ ವಸಡು ಉಜ್ಜುತ್ತಿದೆಯೇ? ಎಷ್ಟು ದಿನದಿಂದ ಮಲ ಹೋಗಿಲ್ಲ? ಮಾರ್ಫಿನ್ ಕೊಟ್ಟು ಜೊತೆಗೆ ಮಲ ಸಡಿಲವಾಗಲು ಏನೂ ಕೊಟ್ಟಿಲ್ಲವೇ? ವಾಕರಿಕೆ ಇದೆಯೇ? ನೋವು ತಿನ್ನುವ ಹೊತ್ತಿಗೇ ಏರುತ್ತದೆಯೇ?

ಒಬ್ಬ ಅಡಿಕೆ ವ್ಯಾಪಾರಿಯ ಮನೆಯಲ್ಲಿ ನೆಂಟರೆಲ್ಲ ಸೇರಿಬಿಟ್ಟಿದ್ದರು. ದೂರದ ಊರಿನ ಮಗಳು ರಾತ್ರಿ ಬಸ್ಸಿಗೆ ಬಂದಿದ್ದಳು. ಬಾಯಿ ತೆರೆಸಿ ನೋಡಿದೆ. ಅಂಗುಳ ತುಂಬ ಫಂಗಸ್. ಒಂಬತ್ತು ದಿನದಿಂದ ಹೊಟ್ಟೆ ಕಟ್ಟಿತ್ತು. ಡಾಕ್ಟರಿಗೆ ಫೋನ್ ಮಾಡಿ ಔಷಧಿ ಹಾಕಿದೆವು, ಎನಿಮಾ ಕೊಟ್ಟೆವು. ನಾಲ್ಕನೇ ದಿನ ಅವರು ಉಪ್ಪಿಟ್ಟು ಕೇಳಿ ತಿಂದರು. ಆ ಮೇಲೆ ಎರಡು ತಿಂಗಳು ಇದ್ದರು, ಮೊಮ್ಮಗನ ನಾಮಕರಣ ನೋಡಿದರು. ಆದ್ದರಿಂದ ಮೊದಲು ಟಾರ್ಚ್.

2. ಹಸಿವು ಯಾರದು ಎಂದು ನೋಡಿಕೊಳ್ಳಿ

ಸರಿಪಡಿಸುವುದೆಲ್ಲ ಆಯಿತು, ಆದರೂ ತಿನ್ನುತ್ತಿಲ್ಲ ಎನ್ನುವ ಹಂತ ಬರುತ್ತದೆ. ಕ್ಯಾನ್ಸರ್ ಕೊನೆಗೆ ಬಂದಾಗ ದೇಹ ಅನ್ನವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಎಷ್ಟು ಹಾಕಿದರೂ ಮಾಂಸ ಕರಗುವುದು ನಿಲ್ಲುವುದಿಲ್ಲ. ಕರುಳು ನಿಧಾನವಾಗಿರುತ್ತದೆ, ಮೂತ್ರಪಿಂಡ ಸೋತಿರುತ್ತದೆ. ಊಟ ನಿಂತ ಮೇಲೆ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುವಾಗ ಹುಟ್ಟುವ ಕೀಟೋನುಗಳು ಹಸಿವನ್ನು ಮಂಕಾಗಿಸುತ್ತವೆ. ಏಕಾದಶಿ ಉಪವಾಸ ಮಾಡುವವರಿಗೆ, ರಮಝಾನಿನ ರೋಜಾ ಹಿಡಿಯುವವರಿಗೆ ಇದರ ಚೂರು ಅನುಭವ ಇದ್ದೇ ಇದೆ.

1994ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಸಾಯುವ ಹಂತದಲ್ಲಿದ್ದ, ಪ್ರಜ್ಞೆ ಇದ್ದ 32 ರೋಗಿಗಳನ್ನು ಕೊನೆಯವರೆಗೂ ಗಮನಿಸಿ ಬರೆಯಿತು. ಅವರಲ್ಲಿ 20 ಮಂದಿಗೆ ಒಮ್ಮೆಯೂ ಹಸಿವೆನಿಸಲಿಲ್ಲ. ಬಾಯಾರಿಕೆ ಎಂದವರಿಗೂ ಒಂದೆರಡು ಗುಟುಕು ನೀರು, ಐಸ್ ಚೂರು, ತುಟಿ ಒದ್ದೆ ಮಾಡುವುದು ಸಾಕಾಯಿತು. ನಾನು ನೋಡಿದ್ದಕ್ಕೂ ಇದಕ್ಕೂ ಹೊಂದುತ್ತದೆ. ಮಂಚದ ಮೇಲಿದ್ದವರು ಹಸಿವು ಎಂದದ್ದು ಅಪರೂಪ. ಮಂಚದ ಪಕ್ಕ ಕೂತವರ ಹೊಟ್ಟೆಯಲ್ಲಿ ಮಾತ್ರ ಹಗಲೂ ರಾತ್ರಿ ಬೆಂಕಿ.

ಇದನ್ನು ಹೇಳಿಬಿಟ್ಟರೆ ಮನೆಯವರು ಒಪ್ಪುತ್ತಾರೆಂದು ಮೊದಮೊದಲು ನಂಬಿದ್ದೆ. ತರಬೇತಿಯಲ್ಲಿ ನಮ್ಮ ಮೇಡಂ ಹೇಳಿಕೊಟ್ಟಿದ್ದರು: ಉಣ್ಣದೆ ಸಾಯುತ್ತಿಲ್ಲ, ಸಾಯುವ ಹೊತ್ತು ಬಂದಿರುವುದರಿಂದ ಉಣ್ಣುತ್ತಿಲ್ಲ ಎಂದು ವಿವರಿಸಿ. ಯಕೃತ್ತಿನ ಕ್ಯಾನ್ಸರ್ ಇದ್ದ ಒಬ್ಬ ತಾಯಿಯ ಮಗಳಿಗೆ ನಾನು ಅದನ್ನೇ ಹೇಳಿದೆ. ಅವಳು ತಲೆಯಾಡಿಸಿದಳು, ಕಣ್ಣೊರೆಸಿಕೊಂಡಳು. ಸಂಜೆ ಆ ಅಮ್ಮನ ಬಾಯಿ ಒರೆಸಲು ಹೋದರೆ ಬಲಗೆನ್ನೆಯ ಸಂದಿಯಲ್ಲಿ ಬೆಳಗಿನ ರಾಗಿ ಗಂಜಿ ಹಾಗೇ ಇತ್ತು, ಒಣಗಿ ಅಂಟಿಕೊಂಡಿತ್ತು. ನುಂಗಲಾಗದೆ, ಉಗುಳಲೂ ಆಗದೆ ಇಡೀ ದಿನ ಆಕೆ ಅದನ್ನು ಇಟ್ಟುಕೊಂಡಿದ್ದರು. ಅದೇ ಗಂಜಿ ಶ್ವಾಸನಾಳಕ್ಕೆ ಇಳಿದಿದ್ದರೆ ನ್ಯುಮೋನಿಯ. ಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ವಿವರಣೆ ಅವಳ ಕಿವಿಯವರೆಗೆ ಹೋಗಿತ್ತು, ಕೈಗೆ ಮುಟ್ಟಿರಲಿಲ್ಲ. ಈ ತಾಯಿ ಮಗಳ ಮನೆಗೆ ಮತ್ತೆ ಬರುತ್ತೇನೆ.

3. ಬಾಟಲಿಯ ಲೆಕ್ಕ ಬಿಡಿಸಿ ಹೇಳಿ

'ಒಂದು ಗ್ಲೂಕೋಸ್ ಆದ್ರೂ ಏರ್ಸಿ.' ಇದನ್ನು ಕೇಳದ ಮನೆ ಇಲ್ಲ. ಅರ್ಧ ಲೀಟರಿನ ಶೇಕಡ 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಟೀ ಚಮಚ. ಒಂದು ದೊಡ್ಡ ಲೋಟ ಪಾನಕದಲ್ಲಿ ಅಷ್ಟಿರುತ್ತದೆ. ಇದನ್ನು ಹೇಳಿದಾಗ ಜನ ನಿಜವಾಗಿ ಬೆಚ್ಚಿಬೀಳುತ್ತಾರೆ. ತೂಗುಹಾಕಿದ ಆ ಬಾಟಲಿಯಲ್ಲಿ ಊಟವಿದೆ, ಶಕ್ತಿಯಿದೆ ಎಂದೇ ಅವರು ನಂಬಿರುತ್ತಾರೆ.

ನೀರಿನ ವಿಷಯಕ್ಕೆ ಬಂದರೆ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದು ಲೀಟರ್, ಇನ್ನೊಂದಕ್ಕೆ ಹೆಸರಿಗೆ ಮಾತ್ರ 100 ಮಿಲಿಲೀಟರ್ ಸಲೈನ್ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ. ಸುಸ್ತು, ಗೊಂದಲ, ಬದುಕಿದ ದಿನಗಳು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಶ್ವಾಸಕೋಶದ ಕ್ಯಾನ್ಸರ್ ಇದ್ದ ಒಬ್ಬ ಮೇಷ್ಟರು. ದುಬೈಯಿಂದ ಬಂದ ಮಗ ಅಳುತ್ತ ಕೈಹಿಡಿದ. ಡಾಕ್ಟರನ್ನು ಒಪ್ಪಿಸಿ ನಾನೇ ಡ್ರಿಪ್ ಹಾಕಿದೆ. ಎರಡು ದಿನದಲ್ಲಿ ನಾಲ್ಕು ಬಾಟಲಿ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಿಲ್ಲ. ಪಾದ ಊದಿತು, ಎದೆಯಲ್ಲಿ ಗೊರಗೊರ ಶುರುವಾಯಿತು, ಮೇಷ್ಟರು ರಾತ್ರಿಯೆಲ್ಲ ಕೂತೇ ಉಸಿರೆಳೆದರು. ಒಣಗುತ್ತ ಹಗುರಾಗಿ ಹೋಗಬೇಕಿದ್ದ ದೇಹವನ್ನು ನಾನು ಒಳಗಿಂದ ನೆನೆಸಿಬಿಟ್ಟಿದ್ದೆ. ಮಗನ ಸಂಕಟವನ್ನು ತಂದೆಯ ರಕ್ತನಾಳದಲ್ಲಿ ಹರಿಸಿದ್ದೆ. ಆ ರಾತ್ರಿಯ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಾಗೆಂದು ಡ್ರಿಪ್ ಎಂದರೆ ವಿಷವೆಂದು ಸಾರುತ್ತ ಹೊರಡಬೇಡಿ. ವಾಂತಿ ಭೇದಿಯಾಗಿ ಸೊರಗಿದವರಿಗೆ, ಬಾಯಾರಿಕೆಯಿಂದ ನಿಜವಾಗಿ ಒದ್ದಾಡುವವರಿಗೆ ಚರ್ಮದಡಿಯಲ್ಲಿ ನಿಧಾನವಾಗಿ ಸ್ವಲ್ಪ ದ್ರವ ಬಿಟ್ಟು ನೋಡಬಹುದು. ನೋಡಿ, ಉಪಯೋಗವಾಗದಿದ್ದರೆ ನಿಲ್ಲಿಸಬಹುದು.

4. ನಳಿಗೆ ಹಾಕುವ ದಿನವೇ ತೆಗೆಯುವ ಮಾತನ್ನೂ ಆಡಿ

ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆಯನ್ನು ನಾವು ರೈಲ್ಸ್ ಟ್ಯೂಬ್ ಎನ್ನುತ್ತೇವೆ, ಜಾನ್ ಆಲ್ಫ್ರೆಡ್ ರೈಲ್ ಎಂಬ ಇಂಗ್ಲಿಷ್ ವೈದ್ಯನ ಹೆಸರಿನಿಂದ. ನಮ್ಮ ಕಡೆ ಕಡ್ಡಿಪುಡಿ, ಗುಟ್ಕ ತಿಂದು ಬಾಯಿ ಗಂಟಲ ಕ್ಯಾನ್ಸರ್ ಬಂದವರು ಬಹಳ. ಅವರಿಗೆ ಹಸಿವಿರುತ್ತದೆ, ದಾರಿ ಮಾತ್ರ ಮುಚ್ಚಿರುತ್ತದೆ. ಅಂಥವರಿಗೆ ನಳಿಗೆ ವರದಾನ. ಒಬ್ಬ ಲಾರಿ ಡ್ರೈವರ್ ನಳಿಗೆಯಲ್ಲೇ ರಾಗಿ ಅಂಬಲಿ, ಬೇಳೆಕಟ್ಟು ಹಾಕಿಸಿಕೊಂಡು ಒಂದು ವರ್ಷ ಓಡಾಡಿಕೊಂಡಿದ್ದ.

ಮರೆವಿನ ಕಾಯಿಲೆ ಕೊನೆಗೆ ಬಂದ ಅಜ್ಜಿಗೆ ಹಾಕುವ ನಳಿಗೆಯದು ಬೇರೆ ಕತೆ. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ 2014ರಲ್ಲೇ, ಅಂಥವರಿಗೆ ನಳಿಗೆ ಬೇಡ, ಕೈಯಿಂದ ನಿಧಾನವಾಗಿ ಉಣಿಸಿ ಎಂದು ಸ್ಪಷ್ಟವಾಗಿ ಹೇಳಿದೆ. ನಳಿಗೆಯಿಂದ ಆಯುಸ್ಸು ಹೆಚ್ಚುವುದಿಲ್ಲ, ಹಾಸಿಗೆ ಹುಣ್ಣು ಕಡಿಮೆಯಾಗುವುದಿಲ್ಲ, ನ್ಯುಮೋನಿಯ ತಪ್ಪುವುದಿಲ್ಲ. ಅಜ್ಜಿಗೆ ಅದು ಏನೆಂದು ತಿಳಿಯದೆ ಕಿತ್ತುಹಾಕುತ್ತಾಳೆ. ಆಗ ಕೈ ಕಟ್ಟುತ್ತಾರೆ. ಒಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದ ಅಜ್ಜಿಯ ಎರಡೂ ಮಣಿಕಟ್ಟಿನಲ್ಲಿ ಬ್ಯಾಂಡೇಜಿನ ಬಟ್ಟೆ ಕಟ್ಟಿದ ಗುರುತು ನೋಡಿದೆ. ಆಕೆ ಹತ್ತು ಮಕ್ಕಳಿಗೆ ಉಣಿಸಿದ ಕೈ ಅದು. ನಳಿಗೆ ತೆಗೆಯೋಣವೇ ಎಂದರೆ ಮನೆಯವರು ನಡುಗಿದರು: 'ತೆಗೆದ್ರೆ ನಾವೇ ಕೊಂದ ಹಾಗಲ್ವಾ?' ಹಾಕುವಾಗ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ತೆಗೆಯುವ ಭಾರ ಮಾತ್ರ ಅವರ ತಲೆಗೆ ಬಂತು. ಅದಕ್ಕೇ ಹೇಳುತ್ತೇನೆ: ಹಾಕುವ ದಿನವೇ, ಇದು ಏತಕ್ಕೆ, ಎಷ್ಟು ದಿನ ನೋಡೋಣ, ಏನಾಗದಿದ್ದರೆ ತೆಗೆಯೋಣ ಎಂದು ಮಾತಾಡಿಕೊಳ್ಳಿ.

ಇಲ್ಲಿ ಅರುಣಾ ಶಾನಭಾಗರ ನೆನಪು ಬರದೆ ಇರದು. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್. 1973ರಲ್ಲಿ ನಡೆದ ದೌರ್ಜನ್ಯದಿಂದ ಮಿದುಳಿಗೆ ಏಟಾಗಿ 42 ವರ್ಷ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಲು ಅನುಮತಿ ಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡವೆಂದು ನಿಂತದ್ದು ಅದೇ ಆಸ್ಪತ್ರೆಯ ನರ್ಸುಗಳು. 2011ರ ಮಾರ್ಚ್ 7ರಂದು ಕೋರ್ಟು ಅವರ ಮಾತನ್ನೇ ಮನ್ನಿಸಿತು. ನನ್ನ ವೃತ್ತಿಯ ಹೆಂಗಸರು ತಲೆಮಾರುಗಟ್ಟಲೆ ಮೆತ್ತಗೆ ಅರೆದ ಅನ್ನವನ್ನು ಆಕೆಯ ಬಾಯಿಗಿಟ್ಟರು, ಆಕೆ ನುಂಗುತ್ತಿದ್ದರು. ಅವರು ಮಾಡಿದ್ದು ಸರಿ ಎಂದೇ ನನ್ನ ಎಣಿಕೆ. ನುಂಗುವ ಬಾಯಿಗೆ ಉಣಿಸುವುದು ಬೇರೆ. ನುಂಗದ, ಬೇಡವೆಂದು ಮುಚ್ಚಿಕೊಂಡ ಬಾಯಿಯನ್ನು ದಾಟಿ ಹೊಟ್ಟೆಗೆ ಸುರಿಯುವುದು ಬೇರೆ.

5. ದೇವರ ಹೆಸರೆತ್ತಿದರೆ ವಾದಕ್ಕಿಳಿಯಬೇಡಿ. ಅವರ ಗುರುವನ್ನು ಕರೆಸಿ

ಜನ ತಮ್ಮ ಧರ್ಮ ಇಂಥದ್ದನ್ನು ಹೇಳುತ್ತದೆಂದು ನಂಬಿರುವುದಕ್ಕೂ ಆ ಧರ್ಮ ನಿಜವಾಗಿ ಹೇಳಿರುವುದಕ್ಕೂ ಎಷ್ಟೋ ಸಲ ಅಂತರವಿರುತ್ತದೆ. ಅದನ್ನು ತೋರಿಸಬೇಕಾದವಳು ನಾನಲ್ಲ.

ಕೆಥೊಲಿಕ್ ಕುಟುಂಬವೊಂದರಲ್ಲಿ ಹಿರಿಮಗ, ಪೋಪರೇ ಆಹಾರ ನಿಲ್ಲಿಸಬಾರದೆಂದಿದ್ದಾರೆ ಎಂದ. ನಿಜ. 2004ರಲ್ಲಿ ಎರಡನೇ ಜಾನ್ ಪಾಲ್, ಎಚ್ಚರವಿಲ್ಲದೆ ವರ್ಷಗಟ್ಟಲೆ ಮಲಗಿರುವವರ ವಿಷಯ ಮಾತಾಡುತ್ತ, ನಳಿಗೆಯಿಂದ ಕೊಡುವ ಅನ್ನ ನೀರೂ ಮೂಲತಃ ಸಹಜ ಆರೈಕೆಯೇ ಎಂದಿದ್ದರು. ಆದರೆ ಮೈ ಅದನ್ನು ಅರಗಿಸಿಕೊಳ್ಳುವ, ಹೀರಿಕೊಳ್ಳುವ ಸ್ಥಿತಿಯಲ್ಲೇ ಇಲ್ಲದಿದ್ದರೆ, ಅದರಿಂದ ಒಳಿತಾಗದಿದ್ದರೆ ನಿಲ್ಲಿಸಬೇಕೆಂದು 2020ರಲ್ಲಿ ವ್ಯಾಟಿಕನ್ನಿನಿಂದ ಹೊರಟ ಪತ್ರ ಬಿಡಿಸಿ ಹೇಳಿದೆ. ಅದಕ್ಕೂ ಮೊದಲು 1957ರಲ್ಲೇ ಹನ್ನೆರಡನೇ ಪಯಸ್, ರೋಗಿಗೆ ಅತಿ ಭಾರವಾಗುವ ಉಪಾಯಗಳನ್ನೆಲ್ಲ ಮಾಡಲೇಬೇಕೆಂಬ ಕಟ್ಟಳೆಯಿಲ್ಲ ಎಂದಿದ್ದರು. ನಾನು ಇದನ್ನೆಲ್ಲ ಓದಿಕೊಂಡಿದ್ದೆ, ಆದರೂ ಬಾಯಿಬಿಡಲಿಲ್ಲ. ಚರ್ಚಿನ ಫಾದರ್ ಬಂದರು, ತಾಯಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು, ಕೊನೆಯ ಪರಮಪ್ರಸಾದದ ಚಿಕ್ಕ ಚೂರೊಂದನ್ನು ನೀರಿನ ಹನಿಯೊಂದಿಗೆ ನಾಲಿಗೆಯ ಮೇಲಿಟ್ಟರು. ಹೊರಬಂದು ಮಗನ ಹೆಗಲ ಮೇಲೆ ಕೈಯಿಟ್ಟು, 'ಅಮ್ಮ ಈಗ ಉಂಡದ್ದೇ ಅವಳ ಊಟ' ಎಂದರು. ಅವನು ಮತ್ತೆ ಡ್ರಿಪ್ ಕೇಳಲಿಲ್ಲ.

ಮುಸ್ಲಿಂ ಮನೆಯೊಂದರಲ್ಲಿ ರಮಝಾನ್ ತಿಂಗಳು. ತಂದೆ ರೋಜಾ ಹಿಡಿಯುತ್ತೇನೆಂದು ಮಾರ್ಫಿನ್ ಮಾತ್ರೆಯನ್ನೂ ಬಿಟ್ಟಿದ್ದರು, ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದರು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ, ವಾಸಿಯಾಗುವ ಆಸೆಯಿಲ್ಲದವರು ದಿನಕ್ಕೊಬ್ಬ ಬಡವನಿಗೆ ಊಟ ಕೊಟ್ಟರೆ ಆಯಿತು ಎಂದು ಮಸೀದಿಯ ಹಜರತ್ ಬಂದು ಹೇಳಿದ ಮೇಲೆ ಮಾತ್ರೆ ನುಂಗಿದರು. ಅದೇ ಹಜರತ್ ಮೂರು ವಾರದ ಮೇಲೆ ಇನ್ನೊಂದು ರೀತಿಯಲ್ಲಿ ನಮಗೆ ನೆರವಾದರು. ಆಗ ತಂದೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಹೆಂಡತಿ ಖರ್ಜೂರ ಹಿಂಡಿ ಬಾಯಿಗೆ ಹಾಕುತ್ತಿದ್ದರು. ಕಾಯಿಲೆಯವರಿಗೆ ಬಲವಂತದಿಂದ ಉಣಿಸಬೇಡಿ, ಅವರಿಗೆ ಉಣಿಸುವವನು ಅಲ್ಲಾಹನೇ ಎಂಬ ಅರ್ಥದ ಹದೀಸ್ ತಿರ್ಮಿಝಿಯ ಸಂಗ್ರಹದಲ್ಲಿದೆ, ಅದನ್ನು ನೆನಪಿಸಿದರು. ಹೆಂಡತಿ ಖರ್ಜೂರದ ಬಟ್ಟಲನ್ನು ಪಕ್ಕಕ್ಕಿಟ್ಟು ಹತ್ತಿಯಲ್ಲಿ ಝಮ್‌ಝಮ್ ನೀರು ಅದ್ದಿ ತುಟಿಗೆ ಸವರಿದರು. ನಾನು ಗ್ಲೌಸು ಹಾಕಿಕೊಂಡು ಮಾಡುವ ಕೆಲಸವನ್ನೇ ಅವರು ಕಲಿಮಾ ಹೇಳುತ್ತ ಮಾಡಿದರು.

ಎಲ್ಲ ಗುರುಗಳೂ ಹೀಗಿರುವುದಿಲ್ಲ. ದೇವರು ಪವಾಡ ಮಾಡುತ್ತಾನೆ, ಉಣಿಸುತ್ತಲೇ ಇರಿ ಎಂದು ಫೋನಿನಲ್ಲೇ ಅಪ್ಪಣೆ ಕೊಡುವವರೂ ಸಿಕ್ಕಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಬಂದು ಒಮ್ಮೆ ನೋಡಿ, ಪಕ್ಕದಲ್ಲಿ ಒಂದು ಗಂಟೆ ಕೂತು ಹೋಗಿ.

6. ಊರಿನ ಬಾಯಿಗೆ ನೀವೇ ಉತ್ತರ ಕೊಡಿ

ನಮ್ಮ ಹಳ್ಳಿಗಳ ಹಿಂದೂ ಮನೆಗಳಲ್ಲಿ ಹೆದರಿಕೆ ಶಾಸ್ತ್ರದ್ದಲ್ಲ. ಶಾಸ್ತ್ರ ತೊಡಕು ಮಾಡಿದ್ದನ್ನು ನಾನು ಕಂಡಿಲ್ಲ. ತುಳಸಿ ನೀರೋ ಗಂಗೆಯೋ ಎರಡು ಹನಿ ಸಾಕು. ಲಿಂಗವಂತರ ಮನೆಯಲ್ಲಿ ಪಾದೋದಕ ಮುಟ್ಟಿಸಿ ವಿಭೂತಿ ಹಚ್ಚಿದರೆ ಆಯಿತು. ಅನ್ನದ ಋಣ ತೀರಿತು ಎಂಬ ಮಾತೇ ನಮ್ಮ ಭಾಷೆಯಲ್ಲಿ ಸಿದ್ಧವಾಗಿ ಕೂತಿದೆ. ಹೆದರಿಕೆ ಇರುವುದು, 'ಹಸ್ಕೊಂಡು ಸತ್ತ, ಮಕ್ಕಳು ಒಂದು ಬಾಟ್ಲಿ ಗ್ಲೂಕೋಸೂ ಹಾಕಿಸ್ಲಿಲ್ಲ' ಎಂದು ಕಟ್ಟೆಯ ಮೇಲೆ ಆಡುವ ಮಾತಿನದು. ಸೊಸೆಯಂದಿರಿಗೆ ಈ ಮಾತು ಬರುವುದು ಹೆಚ್ಚು. ಮಾವನಿಗೆ ಆರು ತಿಂಗಳು ಮಲಮೂತ್ರ ಬಳಿದ ಸೊಸೆಗೂ ಬಂದದ್ದನ್ನು ನೋಡಿದ್ದೇನೆ.

ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ನೋಡಲು ಬಂದ ನೆಂಟರು ಜಗಲಿ ತುಂಬಿರುವಾಗಲೇ ಜೋರಾಗಿ ಹೇಳುತ್ತೇನೆ: 'ಈಗ ಏನೂ ಹಾಕಬಾರದು ಅಂತ ನಾನು ಮತ್ತೆ ಡಾಕ್ಟರು ಹೇಳಿದ್ದೀವಿ. ಇವರು ಬಹಳ ಚೆನ್ನಾಗಿ ನೋಡ್ಕೊಂಡಿದ್ದಾರೆ.' ನಿರ್ಧಾರ ಮನೆಯವರದೇ. ಊರಿನ ಎದುರು ಅದರ ಭಾರ ಹೊರಲು ನಾನೊಂದು ಹೆಗಲು ಕೊಡುತ್ತೇನೆ, ಅಷ್ಟೆ.

ಇನ್ನೊಂದು. ಸತ್ತವರಿಗೆ ಹನ್ನೊಂದನೇ ದಿನ ಎಡೆಯಿಡುವಾಗ ಹೋಳಿಗೆ, ಕೋಳಿ ಸಾರು, ಬೀಡಿ, ಎಲ್ಲವನ್ನೂ ಎಲೆಗೆ ಹಾಕುತ್ತಾರೆ. ಕೊನೆಗೆ ತಿನ್ನಿಸಲಾಗದ್ದನ್ನು ಅಲ್ಲಿ ತಿನ್ನಿಸುತ್ತಾರೆ. 'ಎಡೆಗೆ ಏನೇನು ಇಡ್ತೀರಿ?' ಎಂದು ಮಂಚದಲ್ಲಿದ್ದವರ ಎದುರೇ ಕೇಳುವುದು ಕ್ರೂರವಾಗಿ ಕಾಣಬಹುದು. ಆದರೆ ಕೇಳಿದಾಗ ಒಬ್ಬ ಅಜ್ಜ ತಾನೇ ಪಟ್ಟಿ ಬರೆಸಿದ್ದ. ಬರೆಸಿದ ಮೇಲೆ ಮಕ್ಕಳು ಇಡ್ಲಿ ಹಿಸುಕಿ ತರುವುದು ನಿಂತಿತು.

7. ಸಲ್ಲೇಖನದ ಮನೆಗೆ ಹೋದರೆ ಮೊದಲು ಕೇಳಿ, ಕೊನೆಯವರೆಗೂ ಕೇಳುತ್ತಿರಿ

ನಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳವಿದೆ. ಚಂದ್ರಗಿರಿಯ ಬಂಡೆಗಳ ಮೇಲೆ ಏಳನೇ ಶತಮಾನದಿಂದಲೂ ಸಲ್ಲೇಖನವೆಂಬ ಜೈನ ವ್ರತದಲ್ಲಿ ಆಹಾರ ತೊರೆದು ದೇಹ ಬಿಟ್ಟವರ ಹೆಸರುಗಳನ್ನು ಕೆತ್ತಿದ್ದಾರೆ. ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಇಲ್ಲಿಯೇ ಸಲ್ಲೇಖನದಿಂದ ಮುಡಿಪಿದರು. ನಮ್ಮ ಕಾಲಕ್ಕೆ ಬಂದರೆ, ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಇದೇ ದಾರಿಯಲ್ಲಿ ಹೋದರು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಇದನ್ನು ಆತ್ಮಹತ್ಯೆಗೆ ಸಮವೆಂದಾಗ ದೇಶದ ಜೈನರೆಲ್ಲ ಬೀದಿಗಿಳಿದಿದ್ದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಗರ್ಭಕೋಶದ ಕ್ಯಾನ್ಸರ್ ಇದ್ದ ಜೈನ ತಾಯಿಯೊಬ್ಬರ ಮನೆಗೆ ಎಂಟು ತಿಂಗಳು ಹೋದೆ. ಮೊದಲ ಕಷ್ಟ ಬಂದದ್ದು ಸಲ್ಲೇಖನದಿಂದಲ್ಲ, ಸೂರ್ಯಾಸ್ತದಿಂದ. ಮುಳುಗಿದ ಮೇಲೆ ಆಕೆ ನೀರೂ ಮುಟ್ಟುತ್ತಿರಲಿಲ್ಲ. ನಾವು ಕೊಡುತ್ತಿದ್ದ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ನುಂಗುವಂಥದ್ದು. ರಾತ್ರಿ ನೋವು, ಬೆಳಗಾಗುವುದನ್ನೇ ಕಾಯುವುದು. 'ಔಷಧಿಗೆ ದೋಷವಿಲ್ಲಮ್ಮ' ಎಂದು ನಾನು ಒಂದು ವಾರ ಹೇಳಿದೆ. ಆಕೆ ಮುಗುಳ್ನಕ್ಕರೇ ಹೊರತು ಬಾಯಿ ತೆರೆಯಲಿಲ್ಲ. ಆಮೇಲೆ ಹೊಳೆಯಿತು: ವ್ರತವನ್ನು ಬಗ್ಗಿಸುವ ಬದಲು ಮಾತ್ರೆಯನ್ನು ಬದಲಿಸಬಹುದಲ್ಲ. ಹನ್ನೆರಡು ಗಂಟೆ ಕೆಲಸ ಮಾಡುವ ಮಾರ್ಫಿನ್ ಮಾತ್ರೆ ತರಿಸಿ, ಸೂರ್ಯೋದಯವಾದ ಮೇಲೆ ಒಂದು, ಸಂಜೆ ಮುಳುಗುವ ಮುಂಚೆ ಒಂದು ಎಂದು ಹೊಂದಿಸಿದೆವು. ಆ ರಾತ್ರಿ ಆಕೆ ನಿದ್ದೆ ಮಾಡಿದರು. ಆ ಒಂದು ವಾರದ ನೋವಿಗೆ ನನ್ನ ಹಟವೇ ಕಾರಣ.

ಕೊನೆಗೆ ಅವರು ತಮ್ಮ ಮುನಿಗಳಿಂದ ವ್ರತ ತೆಗೆದುಕೊಂಡರು. ಮೊದಲು ಅನ್ನ ಬಿಟ್ಟರು, ಹಾಲು ಮಜ್ಜಿಗೆಯಲ್ಲಿದ್ದರು, ಅದನ್ನೂ ಬಿಟ್ಟು ಬಿಸಿನೀರಿಗೆ ಬಂದರು. ಜೈನಾಚಾರ್ಯ ಸಮಂತಭದ್ರರ ಗ್ರಂಥದಲ್ಲಿ ಹೇಳಿರುವ ಕ್ರಮವೂ ಹೆಚ್ಚುಕಡಿಮೆ ಇದೇ ಎಂದು ಅವರ ಮಗ ಓದಿ ತೋರಿಸಿದರು. ಪರಿಹಾರವಿಲ್ಲದ ಬರ, ಮುಪ್ಪು, ರೋಗ, ವಿಪತ್ತು ಬಂದಾಗ ಮಾತ್ರ ಈ ದಾರಿ ಎಂದೂ ಅಲ್ಲೇ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜೈನರ ತತ್ತ್ವಾರ್ಥಸೂತ್ರದಲ್ಲಿ ಬರುವ, ಸಲ್ಲೇಖನಕ್ಕೆ ತಗಲುವ ಐದು ದೋಷಗಳ ಮಾತು. ಬದುಕಬೇಕೆಂಬ ಆಸೆ ದೋಷ. ಬೇಗ ಸಾಯಬೇಕೆಂಬ ಆಸೆಯೂ ದೋಷ. ಗೆಳೆಯರ ನೆನಪಿಗೆ ಅಂಟಿಕೊಳ್ಳುವುದು, ಉಂಡ ಸುಖ ನೆನೆಯುವುದು, ಮುಂದೆ ಫಲ ಬಯಸುವುದು ಉಳಿದ ಮೂರು. ಸಾವನ್ನು ಬಯಸಿದರೆ ವ್ರತವೇ ಕೆಡುತ್ತದೆ ಎಂದಾಗ ಇದನ್ನು ಆತ್ಮಹತ್ಯೆಯೊಂದಿಗೆ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು? ನನಗೆ ಆಗುವುದಿಲ್ಲ.

ಆದರೆ ಕಣ್ಣುಮುಚ್ಚಿ ಕೈಮುಗಿದೂ ನಿಲ್ಲಬಾರದು. ವ್ರತದಲ್ಲಿದ್ದವರ ಸುತ್ತ ಜನ ಸೇರುತ್ತಾರೆ, ಭಜನೆ, ಮೆಚ್ಚುಗೆ, ಕಾಲಿಗೆ ಬೀಳುವವರು. ಆಗ ಬೇಡವೆನ್ನುವುದು ಕಷ್ಟ. ನಾನು ದಿನಕ್ಕೊಮ್ಮೆ ಎಲ್ಲರನ್ನೂ ಹೊರಗೆ ಕಳಿಸಿ ಕೇಳುತ್ತಿದ್ದೆ: 'ಅಮ್ಮ, ನೀರು ಬೇಕಾ? ಕೇಳಿದರೆ ಯಾರೂ ಬೈಯಲ್ಲ.' ಹೀಗೆ ಕೇಳಿದ್ದಕ್ಕೆ ಮಗನಿಗೆ ಮೊದಲು ಬೇಸರವಾಯಿತು. ಅಮ್ಮನಿಗೆ ಆಗಲಿಲ್ಲ. ಒಂದು ದಿನ ಬೇಕೆಂದರು, ಎರಡು ಚಮಚ ಕುಡಿದರು. ಮರುದಿನ ಬೇಡವೆಂದರು. ಆ ಕೇಳುವಿಕೆಗೆ ಜಾಗವಿಲ್ಲದ ಮನೆಯಲ್ಲಿ ನಾನು ಸುಮ್ಮನಿರಲಾರೆ. ಅರಿವಿಲ್ಲದ, ಮಾತಾಡಲಾರದ ಮುದುಕಿಯ ಪರವಾಗಿ ಬೇರೆಯವರು ಸಂಕಲ್ಪ ಮಾಡುವುದನ್ನು ವ್ರತವೆಂದು ಒಪ್ಪಲಾರೆ.

8. ಬರೆದಿಡುವಾಗ ಊಟದ ಮಾತನ್ನೂ ಬರೆಯಿರಿ

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು ಎಂದಿತು. 2023ರ ಜನವರಿಯಲ್ಲಿ ಅದನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಬರೆಯುವವರು ವೆಂಟಿಲೇಟರ್ ಬಗ್ಗೆ ಬರೆಯುತ್ತಾರೆ. ನಳಿಗೆ, ಡ್ರಿಪ್, ಬಾಯಿಗೆ ಹಾಕುವ ನೀರಿನ ಬಗ್ಗೆ ಬರೆಯುವುದಿಲ್ಲ. ಮನೆಯವರು ಕಿತ್ತಾಡುವುದು ಅದರ ಮೇಲೆಯೇ.

9. ಉಣಿಸುವ ಕೈಗೆ ಬೇರೆ ಕೆಲಸ ಕೊಡಿ

ಗಂಜಿ ಕೆನ್ನೆಯಲ್ಲಿ ಉಳಿದ ಮನೆಗೆ ಮರುದಿನ ಹೋದಾಗ ನಾನು ವಿವರಣೆ ಕೊಡಲಿಲ್ಲ. ಒಂದು ಬಟ್ಟಲು, ಹಳೆಯ ಮಲ್ಲು ಪಂಚೆಯ ಚೂರು, ಸ್ವಲ್ಪ ತುಪ್ಪ ಕೇಳಿದೆ. ಬೆರಳಿಗೆ ಬಟ್ಟೆ ಸುತ್ತಿ, ಒದ್ದೆ ಮಾಡಿ, ವಸಡು, ಕೆನ್ನೆಯ ಒಳಗು, ನಾಲಿಗೆ ಒರೆಸುವುದನ್ನು ಮಗಳಿಗೆ ತೋರಿಸಿದೆ. ಎರಡು ಗಂಟೆಗೊಮ್ಮೆ. ತುಟಿಗೆ ತುಪ್ಪ. ತಲೆ ಸ್ವಲ್ಪ ಎತ್ತರಿಸಿ, ಬಟ್ಟೆ ಹಿಂಡಿ, ಹನಿ ಗಂಟಲಿಗೆ ಓಡದಂತೆ. ಎಳನೀರನ್ನು ಐಸ್ ಟ್ರೇಯಲ್ಲಿಟ್ಟು ಚೂರು ಮಾಡಿ, ತೆಳು ಬಟ್ಟೆಯಲ್ಲಿ ಕಟ್ಟಿ ಚೀಪಲು ಕೊಟ್ಟರೆ ಎಷ್ಟೋ ಜನರ ಮುಖ ಅರಳುತ್ತದೆ. ನಿಂಬೆಹುಳಿ ಬೆರೆಸಿದ ಗ್ಲಿಸರಿನ್ ಹಚ್ಚಬೇಡಿ, ಅದು ಇನ್ನೂ ಒಣಗಿಸುತ್ತದೆ. ಅಡುಗೆಮನೆಯ ಒಗ್ಗರಣೆಯ ವಾಸನೆಗೆ ವಾಕರಿಕೆ ಬರುವಂತಿದ್ದರೆ ಮಂಚದ ಜಾಗ ಬದಲಿಸಿ. ವಾಸನೆ ಹಿತವಾಗುವಂತಿದ್ದರೆ ಬಾಗಿಲು ತೆರೆದಿಡಿ.

ಮಗಳು ಕೇಳಿದಳು: 'ಅಮ್ಮಂಗೆ ಕಾಫಿ ಅಂದ್ರೆ ಪ್ರಾಣ. ಬಟ್ಟೆ ಕಾಫೀಲಿ ಅದ್ದಬಹುದಾ?' ಅದ್ದು ಎಂದೆ. ಆರಿದ ಫಿಲ್ಟರ್ ಕಾಫಿಯಲ್ಲಿ ಅದ್ದಿ ಹಿಂಡಿ ನಾಲಿಗೆಗೆ ಸವರಿದಳು. ಅಮ್ಮ ಕಣ್ಣು ತೆರೆಯಲಿಲ್ಲ. ತುಟಿಗಳು ಮಾತ್ರ ಬಟ್ಟೆಯನ್ನು ಹಿಡಿದು ಒಂದು ಸಲ ಚೀಪಿದವು. ಆ ದಿನದಿಂದ ರಾಗಿ ಗಂಜಿಯ ಪಾತ್ರೆ ಒಲೆಯ ಮೇಲೆ ಕಾಣಲಿಲ್ಲ. ಮಗಳು ಎರಡು ಗಂಟೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತು ಹಾಕುತ್ತಿದ್ದಳು.

10. ಉಣ್ಣಿ ಎಂದರೆ ಕೂತು ಉಣ್ಣಿ

ನಮ್ಮ ತಂಡದಲ್ಲಿ ರೋಗಿಗಳ ಮನೆಯಲ್ಲಿ ಊಟ ಮಾಡಬಾರದೆಂಬ ನಿಯಮವಿದೆ. ಬಡವರ ಮನೆಗಳು, ಹೊರೆಯಾಗಬಾರದು, ಒಳ್ಳೆಯ ನಿಯಮ. ಆ ಕಾಫಿ ಅಮ್ಮನ ಮನೆಯಲ್ಲಿ ಅದನ್ನು ಒಮ್ಮೆ ಮುರಿದೆ. ಕಾಫಿಯ ಬಟ್ಟೆಗೆ ಇನ್ನೂ ಒಂದು ವಾರವಿತ್ತು, ಅವರಿಗೆ ಮಾತು ಬರುತ್ತಿತ್ತು. ನಾನು ಹೋದಾಗಲೆಲ್ಲ, 'ಊಟ ಆಯ್ತಾ?' ಎಂದು ಕೇಳುತ್ತಿದ್ದರು. ಆಯ್ತಮ್ಮ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವರು ನಂಬಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತೆ ಎಂದರು. ಮಗಳನ್ನು ಕರೆದು, ಉಸಿರು ಎಳೆದು ಎಳೆದು, ಅವರೆಕಾಳು ಸಾರು ಇದೆಯಲ್ಲ, ಬಿಸಿ ಮಾಡು, ಮುದ್ದೆ ಚಿಕ್ಕದಾಗಿ ಕಟ್ಟು, ತುಪ್ಪ ಮೇಲೆ ಹಾಕು ಎಂದು ಒಂದೊಂದಾಗಿ ಹೇಳಿದರು. ಮಗಳು ತಟ್ಟೆ ತಂದಿಟ್ಟಳು. ಇನ್ನೊಂದು ತಟ್ಟೆ ತರಲು ಹೇಳಿದರು. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಅದೂ ಅವರಿಗೆ ಗೊತ್ತಿತ್ತು. ನಾವಿಬ್ಬರೂ ಮಂಚದ ಪಕ್ಕ ನೆಲದ ಮೇಲೆ ಕೂತು ಉಂಡೆವು. ಅವರು ಮಗ್ಗುಲಾಗಿ ಮಲಗಿ, ನಮ್ಮ ಕೈ ತಟ್ಟೆಯಿಂದ ಬಾಯಿಗೆ ಹೋಗಿ ಬರುವುದನ್ನೇ ನೋಡುತ್ತಿದ್ದರು. ಅರ್ಧಕ್ಕೆ ಬಂದಾಗ ಸಾರು ಸಾಕಾ ಎಂದು ಕೇಳಿದರು. ಇನ್ನೊಂದು ಸೌಟು ಹಾಕಿಸಿಕೊಂಡೆ.